ಕೀಲಿ ಎಲ್ಲರಿಗೂ ಹಂಚಿದ ಚಾತುರ್ಮಾಸ

ಆ ಮಾತನ್ನು ಮೊದಲು ಆಡಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ಎಂದು ಬಹಳ ಕಡೆ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ಅದು ಕಣ್ಣೆದುರಿಗೇ ನಡೆದಂತೆ ಕೂತುಬಿಟ್ಟಿದೆ: ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಚಾವಿ ಅಂಗಡಿ, ಹೊರಗೆ ಜಿನುಗು ಮಳೆ, ನಾನು ತುಸು ಬಾಗಿ ಒಂದು ವಾಕ್ಯ ಹೇಳುತ್ತೇನೆ, ಪಕ್ಕದಲ್ಲಿ ನಿಂತ ಶಬಾನಾ ತಲೆಯಾಡಿಸುತ್ತಾಳೆ. ಆದರೆ ಆ ಚಿತ್ರದಲ್ಲಿ ನನ್ನ ಮುಖ ನನಗೆ ಕಾಣಿಸುತ್ತದೆ. ತನ್ನದೇ ನೆನಪಿನಲ್ಲಿ ಮನುಷ್ಯನಿಗೆ ತನ್ನ ಮುಖ ಹೇಗೆ ಕಂಡೀತು? ನನ್ನ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ.

ಕಳೆದ ತಿಂಗಳು ಕಪಾಟಿನ ಚಾವಿ ಕಳೆದುಕೊಂಡು ಅದೇ ರಸ್ತೆಯ ಬೇರೊಂದು ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಹಿತ್ತಾಳೆಯ ತುಂಡೊಂದನ್ನು ಅರದಿಂದ ತಿಕ್ಕುತ್ತಿದ್ದ. ಹಿತ್ತಾಳೆ ಪುಡಿ, ಸೀಮೆಎಣ್ಣೆ, ಕಾಲಡಿಯ ಒದ್ದೆ ಗೋಣಿತಟ್ಟು, ಮೂರೂ ಕೂಡಿದ ವಾಸನೆ ಬಂತು. "ಬರೇ ಚಾವಿ ಕಳದದೋ, ಕೀಲೀನೂ ಕೆಟ್ಟದೋ?" ಎಂದು ಕೇಳಿದ. ಅವನು ಎರಡನೇ ಸಲ ಕೇಳಬೇಕಾಯಿತು.

ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಅದನ್ನು ತೆರೆಯುವುದು ಚಾವಿ, ಇಲ್ಲವೆ ಕೀಲಿಕೈ. ಪುಸ್ತಕದ ಕನ್ನಡದಲ್ಲಿ ಹಾಗಲ್ಲ. ಅಲ್ಲಿ ಹಾಕುವುದು ಬೀಗ, ತೆರೆಯುವುದು ಕೀಲಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಕಲಿತು ನಾವೆಲ್ಲ ದೊಡ್ಡವರಾಗಿದ್ದೇವೆ, ಯಾರಿಗೂ ಏನೂ ತೊಂದರೆಯಾಗಿಲ್ಲ. ಆ ಒಂದು ಮಳೆಗಾಲವನ್ನು ಬಿಟ್ಟು.

ಆ ವರ್ಷ ನಾನು ಯರಗೇರಾದ ವಿಶ್ವವಿದ್ಯಾಲಯದ ಆವರಣದಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿಥಿ ಉಪನ್ಯಾಸಕ. ಬೆಳಿಗ್ಗೆ ರಾಯಚೂರಿನಲ್ಲಿ ಬಸ್ಸು ಹತ್ತಿದರೆ ಕೋಟೆಯ ಗುಡ್ಡ ಮೆಲ್ಲಗೆ ಹಿಂದೆ ಸರಿದು, ಎರಡೂ ಬದಿಗೆ ಹತ್ತಿಯ ಹೊಲಗಳು ಬಿಚ್ಚಿಕೊಳ್ಳುತ್ತಿದ್ದವು. ಕರಿಮಣ್ಣು ನೀರು ಕುಡಿದು ಉಬ್ಬಿರುತ್ತಿತ್ತು. ಕಿಟಕಿಯಿಂದ ಕೈ ಚಾಚಿದರೆ ತಾಗುವಷ್ಟು ಕೆಳಗೆ ಮೋಡ ಇಳಿದಿರುತ್ತಿತ್ತು ಎಂದು ಈಗ ಅನಿಸುತ್ತದೆ. ರಾಯಚೂರಿಗೆ ಅಂಥ ಮೋಡ ವರ್ಷಕ್ಕೆ ನಾಲ್ಕು ದಿನ ಬಂದರೆ ಹೆಚ್ಚು. ಆ ನಾಲ್ಕು ದಿನದ ಬಣ್ಣವನ್ನು ಇಡೀ ಋತುವಿಗೆ ನಾನೇ ಬಳಿದಿರಬೇಕು.

ಶಬಾನಾ ಎರಡು ವರ್ಷ ಮೊದಲು ನನ್ನ ವಿದ್ಯಾರ್ಥಿನಿ. ಆ ವರ್ಷ ನನ್ನಂತೆಯೇ ಅತಿಥಿ ಉಪನ್ಯಾಸಕಿ. ಇಬ್ಬರಿಗೂ ಸೇರಿ ಒಂದೇ ಮೇಜು. ಅವಳ ತಂದೆ ಮಹಬೂಬ್ ಸಾಬರದು ಸ್ಟೇಷನ್ ರಸ್ತೆಯಲ್ಲಿ ಕೀಲಿ ರಿಪೇರಿ, ಚಾವಿ ಮಾಡುವ ಅಂಗಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳಿಗೊಂದು ಸಂದರ್ಶನವಿತ್ತು, ಕಾಯಂ ಹುದ್ದೆಗೆ. ನಿಮ್ಮ ಸ್ವಂತದ ಕೆಲಸ ಯಾವುದು ಎಂದು ಅಲ್ಲಿ ಕೇಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ತೋರಿಸಲು ಅವಳ ಬಳಿ ಇದ್ದದ್ದು ನಾವಿಬ್ಬರೂ ಕೂಡಿ ಮಾಡುತ್ತಿದ್ದ ಕನ್ನಡದ ಕೆಲಸವೊಂದೇ. ಅದರಲ್ಲಿ ಅವಳದೆಷ್ಟು, ನನ್ನದೆಷ್ಟು ಎಂದು ಹೇಳುವ ಪತ್ರವನ್ನು ನಾನು ಬರೆದುಕೊಡಬೇಕಿತ್ತು.

ಆ ಕೆಲಸ ಇಷ್ಟು. ಸಂದೇಶವನ್ನು ಬೇರೆಯವರು ಓದದಂತೆ ಮುಚ್ಚಲಿಕ್ಕೆ, ಅದು ಇಂಥವರೇ ಕಳಿಸಿದ್ದು ಎಂದು ಸಹಿ ಹಾಕಿ ತೋರಿಸಲಿಕ್ಕೆ ಬೇಕಾದ ಗಣಿತವನ್ನೆಲ್ಲ ಒಂದೆಡೆ ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟು ಒಂದಿದೆ. ನಮ್ಮ ವೃತ್ತಿಯಲ್ಲಿ ಅಂಥದ್ದಕ್ಕೆ ಲೈಬ್ರರಿ ಎನ್ನುತ್ತಾರೆ. ಬೇರೆ ಬೇರೆ ದೇಶದವರು ಬರೆದದ್ದು. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಬಳಸುವ ಪ್ರತಿಯೊಬ್ಬರಿಗೂ ಅದು ಒಂದು ಜೋಡಿ ಮಾಡಿಕೊಡುತ್ತದೆ. ಒಂದನ್ನು ಊರಿಗೆಲ್ಲ ಹಂಚಬೇಕು, ಇನ್ನೊಂದನ್ನು ಯಾರಿಗೂ ಕೊಡಬಾರದು. ಗುಟ್ಟಿನದರಿಂದ ಸಹಿ, ಆ ಸಹಿ ನಿಜವೇ ಎಂದು ಹಂಚಿದ್ದನ್ನು ಬಳಸಿ ಯಾರಾದರೂ ಪರೀಕ್ಷಿಸಬಹುದು. ಇಂಗ್ಲಿಷಿನಲ್ಲಿ ಎರಡನ್ನೂ ಕೀ ಎಂದೇ ಕರೆಯುತ್ತಾರೆ. ಅದು ತೋರಿಸುವ ಮಾತುಗಳನ್ನೆಲ್ಲ ಕನ್ನಡಕ್ಕೆ ತರುವಾಗ ನಾನು ಎರಡಕ್ಕೂ ಕೀಲಿ ಎಂದು ಬರೆದೆ: ಸಾರ್ವಜನಿಕ ಕೀಲಿ, ಖಾಸಗಿ ಕೀಲಿ. ಪದಗಳ ಬಗ್ಗೆ ಶಬಾನಾಳೊಡನೆ ಮಾತಾಗಿತ್ತೇ? ಆಗಿರಲೇಬೇಕು. ಅದರಲ್ಲಿ ಒಂದೇ ತುಣುಕು ಉಳಿದಿದೆ. ಬೀಗ ಎಂಬ ಪದವನ್ನು ಎಲ್ಲೋ ಬಳಸಬೇಕೆಂದು ನಾನು ಹೇಳಿದಾಗ ಅವಳು, "ಬೀಗ ಅಂತ ಬರದ್ರ ಮಂದಿ ಮಗಳ ಮಾವನ್ನ ಹುಡುಕ್ಕೋತ ಹೋಗ್ತಾರ್ರಿ ಸರ," ಎಂದಿದ್ದಳು. ಉಳಿದದ್ದೆಲ್ಲ ಮಂಜು.

ನಮ್ಮ ಮೊದಲ ಬಳಕೆದಾರರು ಮಾನ್ವಿಯ ಗುಂಡಾಚಾರ್ಯರು. ಹೈಸ್ಕೂಲಿನಲ್ಲಿ ನನಗೆ ಸಂಸ್ಕೃತ ಕಲಿಸಿದವರು, ನಿವೃತ್ತರಾದ ಮೇಲೆ ಗುಡಿಯ ಸೇವೆಯಲ್ಲಿದ್ದರು. ಮಾನ್ವಿ, ದೇವದುರ್ಗ, ರಾಯಚೂರಿನ ನಲವತ್ತು ಮನೆಗಳಿಗೆ ಏಕಾದಶಿ ಯಾವತ್ತು, ಮರುದಿನ ಪಾರಣೆ ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ಬರೆದು ಕಳಿಸುತ್ತಿದ್ದರು. ಹಿಂದಿನ ವರ್ಷ ಅವರ ಹೆಸರು ಹಾಕಿದ ಯಾವುದೋ ಸುಳ್ಳು ಸಂದೇಶ ಓಡಾಡಿ ಎಲ್ಲರಿಗೂ ಗೊಂದಲವಾಗಿತ್ತು. ಇದಕ್ಕೇನಾದರೂ ಉಪಾಯ ಉಂಟೇ ಎಂದು ನನ್ನನ್ನು ಕರೆಸಿದರು. ಚಾತುರ್ಮಾಸದ ಮೊದಲ ತಿಂಗಳು, ವ್ರತಕ್ಕೆಂದು ಕಾಯಿಪಲ್ಲೆ ಬಿಟ್ಟ ತಿಂಗಳು. ಹೆಸರುಬೇಳೆ, ಮೆಣಸು, ಕೊಬ್ಬರಿಯ ಊಟ ಹಾಕಿಸಿ, ಕಟ್ಟೆಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಆ ನಿನ್ನ ಲೈಬ್ರರಿ ಎಷ್ಟು ಹೊತ್ತಿಗೆ ತೆಗೀತಾರೋ?"

"ಯಾವಾಗ್ಲೂ ತೆರದಾ ಇರ್ತದ್ರಿ. ಯಾರ್ ಬೇಕಾದವ್ರು ಒಳಗ ಹೋಗಿ ನೋಡಬಹುದು."

"ಮಂದಿ ಗುಟ್ಟು ಕಾಯೋದು, ತಾನು ಬಾಗಲಾ ತಕ್ಕೊಂಡು ಕೂಡೋದು. ಛಲೋ ಅದ ನಿನ್ನ ಲೈಬ್ರರಿ."

ಬಾಗಿಲು ತೆರೆದಿದ್ದರೆ ತಪ್ಪು ಬೇಗ ಕಾಣುತ್ತದೆ, ಅದಕ್ಕೇ ಅದನ್ನು ನಂಬುವುದು ಎಂದು ಹೇಳಿದೆ. ಅವರು, ಇದು ಶಾಸ್ತ್ರಕ್ಕೂ ಸರಿ ಎಂದರು. ಅವರ ಫೋನಿಗೆ, ನಲವತ್ತು ಮನೆಯ ಫೋನುಗಳಿಗೆ ಆ ಲೈಬ್ರರಿಯ ಮೇಲೆ ನಾವು ಕಟ್ಟಿದ ಚಿಕ್ಕ ಪ್ರೋಗ್ರಾಮನ್ನು ಹಾಕಿದೆವು. ಸಹಿ ಹೊಂದಿದರೆ ಸಂದೇಶದ ಪಕ್ಕ ಆಚಾರ್ಯರ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಎರಡು ಏಕಾದಶಿ ಸುಸೂತ್ರವಾಗಿ ಕಳೆದವು. ನಾನು ತರಗತಿಯಲ್ಲಿ ಈ ಕಥೆ ಹೇಳಿ ಹೆಮ್ಮೆಪಡಲು ಶುರುಮಾಡಿದೆ.

ಮೂರನೆಯದು ಮೊಸರು ಬಿಡುವ ಎರಡನೇ ತಿಂಗಳಲ್ಲಿ ಬಂತು. ಸಂದೇಶ ಪಡೆಯುವ ಮನೆಗಳ ಗುಂಪಿಗೆ ಹೊಸಬರು ಸೇರಿದ್ದರು. ಅವರಿಗೆ ನಿಮ್ಮ ಕೀಲಿ ಕಳಿಸಿಬಿಡಿ ಎಂದು ಆಚಾರ್ಯರಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಅವರು ಎಲ್ಲರಿಗೂ ಕಳಿಸಿದರು. ಆ ಬುಧವಾರ ಸಂಜೆ ಅವರ ಹೆಸರಿನ ಎರಡು ಸಂದೇಶ ಬಂದವು. ಒಂದರಲ್ಲಿ ಏಕಾದಶಿ ಗುರುವಾರ, ಇನ್ನೊಂದರಲ್ಲಿ ಶುಕ್ರವಾರ. ಎರಡರ ಪಕ್ಕದಲ್ಲೂ ಹಸಿರು. ಅರ್ಧ ಮನೆಯವರು ಗುರುವಾರ ಉಪವಾಸ ಮಾಡಿದರು. ಉಳಿದರ್ಧ, ಆಚಾರ್ಯರೇ ತಿದ್ದಿ ಕಳಿಸಿದ್ದಾರೆಂದು ತಿಳಿದು, ಗುರುವಾರ ಉಂಡು ಶುಕ್ರವಾರ ಕೂತರು.

ನಾನೂ ಶಬಾನಾಳೂ ಮಾನ್ವಿಗೆ ಹೋದಾಗ ಆಚಾರ್ಯರು ಮನೆಯಲ್ಲಿರಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಹೊಳೆದಂಡೆಯ ಚೀಕಲಪರ್ವಿಗೆ ಹೋಗಿದ್ದಾರೆ ಎಂದು ನೆರೆಯವರು ಹೇಳಿದರು. ಹುಡುಕಿಕೊಂಡು ಹೊಳೆಗೆ ಹೋದೆವು. ತುಂಗಭದ್ರೆ ತುಂಬಿ, ಕೆಂಪಗೆ, ಸದ್ದೇ ಇಲ್ಲದೆ ಹರಿಯುತ್ತಿತ್ತು. ಹೊಳೆ ನಿಂತಿದೆ, ದಂಡೆಯೇ ಎಲ್ಲಿಗೋ ತೇಲುತ್ತಿದೆ ಎನಿಸುವಂತೆ. ಆಚಾರ್ಯರು ಕಲ್ಲಿನ ಮೇಲೆ ಒದ್ದೆ ಪಂಚೆಯಲ್ಲಿ ಕೂತಿದ್ದರು. ಅವರ ಹೆಂಡತಿ ಶಬಾನಾಳಿಗೆ ಬಾಟಲಿಯಿಂದ ನಿಂಬೆ ಶರಬತ್ತು ಕೊಡುತ್ತ, "ಮಜ್ಜಿಗಿ ಇಲ್ಲವ್ವಾ ಈ ತಿಂಗಳ," ಎಂದು ಸಂಕೋಚಪಟ್ಟರು.

ಆಚಾರ್ಯರು ನನ್ನ ಕಡೆ ನೋಡಲಿಲ್ಲ. "ನನ್ನ ಮಾತು ಕೇಳಿ ಇಷ್ಟು ವರ್ಷದಾಗ ಒಬ್ಬರೂ ಏಕಾದಶಿ ಬಿಟ್ಟಿರಲಿಲ್ಲೋ," ಎಂದರು, ನೀರಿಗೆ ಹೇಳುವಂತೆ.

ನಾನು ಫೋನು ಇಸಕೊಂಡು ನೋಡಿದೆ. ಅವರು ಎಲ್ಲರಿಗೂ ಹಂಚಿದ್ದು ಗುಟ್ಟಿನದನ್ನು.

"ಯಪ್ಪಾ, ಇದು ಖಾಸಗಿ ಕೀಲಿ. ಇದನ್ನ ಯಾಕ ಕಳಿಸಿದ್ರಿ?"

"ಮತ್ತ ಯಾವುದು ಕಳಸ್ಬೇಕು? ಎರಡು ಇದ್ವು. ಸಾರ್ವಜನಿಕ ಅಂದ್ರ ಸರಕಾರದ್ದು, ಬಸ್‌ಸ್ಟ್ಯಾಂಡಿನ್ಯಾಗ ಬರದಿರ್ತಾರಲ್ಲ. ಖಾಸಗಿ ಅಂದ್ರ ನಂದು. ನಿಮ್ಮ ಕೀಲಿ ಕಳಸ್ರಿ ಅಂದಿ. ನಂದು ಕಳಿಸಿದೆ."

"ಅದರ ಕೆಳಗ 'ಗೌಪ್ಯವಾಗಿ ಕಾಪಿಡಿ' ಅಂತ ಬರದೀನಲ್ರಿ."

"ಕೀಲಿ ಹಾಕಿದ ಮ್ಯಾಲ ಗೌಪ್ಯನಾ ಅಲ್ಲೇನೋ? ಕೀಲಿ ಮಂದಿ ಕೈಗೆ ಕೊಟ್ರ ಏನು ಹೋಗ್ತದ? ಕೀಲಿಕೈ ನನ್ನ ಹತ್ರನಾ ಅದ ಅಂತ ತಿಳಕೊಂಡೆ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಶಬಾನಾ ಶರಬತ್ತಿನ ಲೋಟ ಹಿಡಿದುಕೊಂಡು ಹೊಳೆಯನ್ನೇ ನೋಡುತ್ತಿದ್ದಳು. ಆಗ ಅವಳೇನಾದರೂ ಅಂದಳೇ? ಒಮ್ಮೊಮ್ಮೆ ಅಂದಳು ಎನಿಸುತ್ತದೆ. ಏನೂ ಅನ್ನದೆ ನನ್ನ ಮುಖ ನೋಡಿದಳು ಎಂದು ಇನ್ನೊಮ್ಮೆ.

ಎರಡನೇ ಸಂದೇಶ ದೇವದುರ್ಗದಿಂದ ಹೊರಟಿತ್ತು, ಅದೂ ಆಚಾರ್ಯರ ಬೀಗರಿಂದ, ಅವರ ಮಗಳ ಮಾವ ಭೀಮಸೇನಾಚಾರ್ಯರಿಂದ. ಮರುದಿನ ಅಲ್ಲಿಗೂ ಹೋದೆವು. ಅವರು ಆಗತಾನೇ ಹತ್ತಿರದ ಗೂಗಲ್ ಎಂಬ ಊರಿಗೆ ಹೋಗಿ ಕೃಷ್ಣೆಯ ಪ್ರವಾಹ ನೋಡಿ ಬಂದು, ಕಾಲು ತೊಳೆದುಕೊಂಡು ಕೂತಿದ್ದರು.

"ನೀವು ಅವರ ಹೆಸರಿಲೆ ಸಹಿ ಮಾಡೀರಿ," ಎಂದೆ.

"ನಾ ಎಲ್ಲಿ ಮಾಡೀನ್ರಿ? ಬೀಗರು ಕೀಲಿ ಕಳಿಸಿದ್ರು. ಕಳಿಸಿದ ಮ್ಯಾಲ ಹಾಕಿ ನೋಡಬೇಕಲ್ಲ? ಹಾಕಿದೆ. ನಮ್ಮ ಪಂಚಾಂಗದಾಗ ಏಕಾದಶಿ ಶುಕ್ರವಾರ ಇತ್ತು, ಬರದು ಕಳಿಸಿದೆ. ಹೆಸರು ಅವರದು ಬಂತು. ಕೀಲಿ ಅವರ ಮನೀದು, ಹೆಸರೂ ಅವರದಾ ಬರ್ತದ ಅಂತ ಬಿಟ್ಟೆ." ಬಳಿಕ ಶಬಾನಾಳ ಕಡೆ ತಿರುಗಿ, "ಖರೆ ಹೇಳ್ಬೇಕಂದ್ರ ನಮ್ಮ ಪಂಚಾಂಗನಾ ಸರಿ ನೋಡವ್ವಾ," ಎಂದರು. ಅವಳು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಹೌದೆಂಬಂತೆ ತಲೆಯಾಡಿಸಿದಳು. ಹಳೆಯ ಜೋಡಿಯನ್ನು ರದ್ದು ಮಾಡಿ, ಆಚಾರ್ಯರಿಗೆ ಹೊಸದನ್ನು ಮಾಡಿಕೊಟ್ಟು, ನಲವತ್ತು ಮನೆಗೂ ತಿಳಿಸುವಷ್ಟರಲ್ಲಿ ಇನ್ನೆರಡು ದಿನ ಕಳೆದವು.

ಅಂಗಡಿಯ ದೃಶ್ಯ ಆಮೇಲಿನದು. ಆ ಪದ ಹುಟ್ಟಿದ್ದೂ ಅಲ್ಲೇ ಎಂದು ನಾನು ನಂಬಿಕೊಂಡಿದ್ದೆ. ಮಹಬೂಬ್ ಸಾಬರು ಒಂದು ಹಳೆಯ ಕೀಲಿಯ ಹೊಟ್ಟೆ ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ನಡೆದದ್ದನ್ನು ಶಬಾನಾ ಮನೆಮಾತಾದ ಉರ್ದುವಿನಲ್ಲಿ ಹೇಳಿದಳು. ಅವರು ಕೇಳಿ, "ಐಸಾ ನಕ್ಕೋ ಬೋಲೋ, ಬೇಟಿ," ಹಾಗನ್ನಬೇಡ ಮಗಳೇ, ಎಂದು ನಕ್ಕು, ನನ್ನ ಸಲುವಾಗಿ ಕನ್ನಡಕ್ಕೆ ಬಂದರು.

"ಮಾಸ್ತರ, ಒಂದು ಚಾವೀಗಿ ನೂರು ಕೀಲಿ ಮಾಡಿ ನೂರು ಮಂದಿಗಿ ಕೊಡ್ರಿ, ಚಿಂತಿಲ್ಲ. ಚಾವಿ ಒಂದಾ ಇರಬೇಕು, ಅದೂ ನಿಮ್ಮ ಕಿಸೇದಾಗ. ಯಾರರ ಬ್ಯಾರೇ ಚಾವಿ ಹಾಕಿದ್ರ ಕೀಲೀಗಿ ಗೊತ್ತಾಗ್ತದ, ಇದು ನಂದಲ್ಲ ಅಂತದ. ನೀವು ಎರಡಕ್ಕೂ ಕೀಲಿ ಅಂದ್ರ ಮಂದಿ ಏನ್ ಮಾಡಬೇಕು?"

ಮುಚ್ಚುವುದಕ್ಕೂ ಅದು ಸರಿಹೋಗುತ್ತಿತ್ತು, ಸಹಿಗೂ ಸರಿಹೋಗುತ್ತಿತ್ತು. ಹಂಚುವುದು ಕೀಲಿ, ಬಚ್ಚಿಡುವುದು ಚಾವಿ. ಚಾವಿಯ ಗುರುತನ್ನು ಕೀಲಿ ಹಿಡಿಯುತ್ತದೆ. ಇಂಗ್ಲಿಷಿನ ಜೋಡಿ ಪದಗಳಿಗಿಂತ ನಮ್ಮ ಊರಿನ ಮಾತೇ ಆ ಗಣಿತಕ್ಕೆ ಹತ್ತಿರವಾಗಿತ್ತು. ಆಗ ನಾನು ಬಾಗಿ, "ಹಾಗಿದ್ದರೆ ಕೀಲಿ, ಚಾವಿ ಎಂದೇ ಬರೆಯೋಣ," ಎಂದೆ. ಶಬಾನಾ ತಲೆಯಾಡಿಸಿದಳು. ಮುಂದೆ ವಿಚಾರಸಂಕಿರಣಗಳಲ್ಲಿ ನಾನು ಹೇಳಿದ ಕಥೆ ಇದೇ. ಜನ ಚಪ್ಪಾಳೆ ತಟ್ಟುವುದೂ ಈ ಜಾಗದಲ್ಲೇ.

ಪತ್ರದ ಮಾತು ಉಳಿಯಿತು. ಹಾಲು ಬಿಡುವ ಮೂರನೇ ತಿಂಗಳಲ್ಲಿ, ಮಳೆ ನಿಂತು ಹತ್ತಿಯ ಕಾಯಿ ಬಲಿಯುತ್ತಿದ್ದಾಗ, ಅದನ್ನು ಬರೆದುಕೊಟ್ಟೆ. ಕನ್ನಡದ ಅನುವಾದದಲ್ಲಿ ಶಬಾನಾ ಸಹಕರಿಸಿದ್ದಾರೆ ಎಂದು ಬರೆದಿದ್ದೆ. ಅವಳು ನಿಂತಲ್ಲೇ ಓದಿದಳು.

"ಸಹಕಾರ ಅಂತ ಬರದೀರಿ ಸರ."

"ಹೌದು. ಯಾಕ?"

"ಏನಿಲ್ರಿ. ಸಹಕಾರ ಅಂದ್ರ ನಮ್ಮ ಓಣ್ಯಾಗ ಹಾಲಿನ ಸೊಸೈಟಿ ಅದ."

ನಾನು ನಕ್ಕೆ. ಅವಳೂ ನಕ್ಕಳು ಎಂದು ನೆನಪು. ಪತ್ರವನ್ನು ವಾಪಸು ಇಸಕೊಂಡು ತಿದ್ದಿ ಬರೆದೆನೋ ಹೇಗೆ ಎಂಬುದು ಗೊತ್ತಿಲ್ಲ. ತಿದ್ದಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ತಿದ್ದಿದ ವಾಕ್ಯ ಯಾವುದು ಎಂದು ಕೇಳಿಕೊಂಡರೆ ಏನೂ ಬರುವುದಿಲ್ಲ. ಸಂದರ್ಶನದಲ್ಲಿ ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರಂತೆ. ಹುದ್ದೆ ಬೇರೆಯವರಿಗೆ ಹೋಯಿತು. ಶಬಾನಾ ಈಗ ದೇವದುರ್ಗದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಈ ವರ್ಷ ಕನ್ನಡದ ಕಂಪ್ಯೂಟರ್ ಪದಗಳನ್ನು ಕೂಡಿಸುತ್ತಿರುವ ಕೆಲವರು ನನಗೊಂದು ಪಟ್ಟಿ ಕಳಿಸಿದರು. ಕೀಲಿ ಮತ್ತು ಚಾವಿ ಎಂಬ ಜೋಡಿ ಈಗ ಬಹಳ ಕಡೆ ಬಳಕೆಗೆ ಬಂದಿದೆ. ಅದರ ಎದುರಿಗೆ ಒಂದು ಕಾಲಂ: ಮೊದಲು ಸೂಚಿಸಿದವರು. ನಾನು ನನ್ನ ಹೆಸರಿನ ಮೊದಲ ಅಕ್ಷರ ಬರೆದು ನಿಲ್ಲಿಸಿದೆ. ಅದೇ ವಾರ ಚಾವಿ ಅಂಗಡಿಯ ಮುಂದೆ ನಿಂತದ್ದು. ಅಲ್ಲಿಂದ ಮನೆಗೆ ಬಂದು ಶಬಾನಾಳಿಗೆ ಫೋನು ಮಾಡಿದೆ. ಕಾಲೇಜಿನ ಗಂಟೆಯ ಸದ್ದು ಅವಳ ಮಾತಿನ ಹಿಂದೆ ಕೇಳುತ್ತಿತ್ತು.

"ಆ ಪದ ಹೇಳಿದ್ದು ಯಾರು? ನಾನಾ, ನೀನಾ?"

"ನೀವಾ ಹೇಳೀರಿ ಅಂತ ಎಲ್ಲಾ ಕಡಿ ಹೇಳಿರಲ್ರಿ ಸರ. ಮತ್ತ ನನ್ನ ಯಾಕ ಕೇಳಾಕತ್ತೀರಿ?"

"ನನಗ ನೆನಪಾಗವಲ್ದು. ಅದಕ್ಕ ಕೇಳಾಕತ್ತೀನಿ."

"ನಿಮ್ಮ ನೆನಪೂ ಬ್ಯಾಡ, ನಂದೂ ಬ್ಯಾಡ. ಎಲ್ಲಾ ಆ ಲೈಬ್ರರಿಯಾಗಾ ಬರದದ ನೋಡ್ರಿ. ಇಷ್ಟು ವರ್ಷ ನೀವು ನೋಡಿರಂಗಿಲ್ಲ ಅಂತ ನನಗ ಗೊತ್ತಿತ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ನಿಜ. ನಾನು ನೋಡಿರಲಿಲ್ಲ. ಎಲ್ಲವನ್ನೂ ಅನುಮಾನಿಸುವವನು ಎಂದು ಹೆಸರಾದವನು ಇದೊಂದನ್ನು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದೆ. ಆ ಲೈಬ್ರರಿಯಲ್ಲಿ ಯಾರು ಒಂದು ಪದ ತಿದ್ದಿದರೂ ಅದು ತಿದ್ದಿದವರ ಸಹಿಯೊಡನೆ ಸಾಲಾಗಿ ದಾಖಲಾಗುತ್ತದೆ. ಹಳೆಯದನ್ನು ಯಾರೂ ಸದ್ದಿಲ್ಲದೆ ಅಳಿಸಲಾಗುವುದಿಲ್ಲ. ನನಗೆ ಬೇಕಿದ್ದದ್ದು ಅರ್ಧ ಗಂಟೆಯ ಕೆಲಸ.

ಮಧ್ಯಾಹ್ನ ಕೂತು ಹುಡುಕಿದೆ. ಖಾಸಗಿ ಕೀಲಿಯನ್ನು ಚಾವಿ ಎಂದು ತಿದ್ದಿದ ಮೊದಲ ದಾಖಲೆ ಶಬಾನಾಳದು. ಪಕ್ಕದಲ್ಲಿ ಕಾರಣ ಬರೆದಿದ್ದಳು: ನಮ್ಮ ಕಡೆ ಕೀಲಿ ಎಂದರೆ ಹಾಕುವುದು, ಜನ ತಪ್ಪಿ ಗುಟ್ಟಿನದನ್ನು ಹಂಚಿಯಾರು. ಆ ದಾಖಲೆ ಇರುವುದು ಆಚಾರ್ಯರ ಏಕಾದಶಿ ಕೆಡುವುದಕ್ಕೆ ಹನ್ನೊಂದು ದಿನ ಮೊದಲು. ಅದರ ಕೆಳಗೆ, ಅದೇ ದಿನ ಮಧ್ಯಾಹ್ನ, ಅವಳ ತಿದ್ದುಪಡಿಯನ್ನು ತೆಗೆದುಹಾಕಿ ಮತ್ತೆ ಕೀಲಿ ಎಂದೇ ಮಾಡಿದ ಇನ್ನೊಂದು ದಾಖಲೆಯಿದೆ. ಕಾರಣ: ಚಾವಿ ಆಡುಮಾತು, ಶುದ್ಧ ಕನ್ನಡದಲ್ಲಿ ಕೀಲಿ. ಆ ಎರಡನೇ ಸಹಿಯನ್ನು ಮೂರು ಸಲ ಪರೀಕ್ಷಿಸಿದೆ. ಹೊಂದುತ್ತದೆ. ಅದು ನನ್ನದು.